ಜ್ವರಕ್ಕೆ ಕೂತ ಕಂಪ್ಯೂಟರು

ಕಂಪ್ಯೂಟರುಗಳು ಸಾಯುವುದಕ್ಕೆ ಬೇಕಾದಷ್ಟು ಕಾರಣಗಳಿವೆ. ಕೆಲವು ವೈರಸ್ ಬಡಿದು ಸಾಯುತ್ತವೆ, ಕೆಲವು ಸಿಡಿಲಿಗೆ, ಕೆಲವು ಕರೆಂಟು ಹೋಗಿ ಬಂದು ಹೋಗಿ ಬಂದು ಬೇಸತ್ತು ಸಾಯುತ್ತವೆ. ಆದರೆ ಅತಿಯಾದ ಆರೈಕೆಯಿಂದ ಸತ್ತ ಕಂಪ್ಯೂಟರು ಇಡೀ ರಾಮನಗರ ಜಿಲ್ಲೆಯಲ್ಲಿ ಒಂದೇ ಒಂದು. ಅದನ್ನು ಕೊಂದವನು ನನ್ನ ಸೋದರಮಾವ. ಪ್ರೀತಿಯಿಂದ ಕೊಂದ, ಅಕ್ಕರೆಯಿಂದ ಕೊಂದ, ಹೊತ್ತು ಹೊತ್ತಿಗೆ ವಿಚಾರಿಸಿಕೊಂಡು ಕೊಂದ! ಇಂಥವನ ಮೇಲೆ ಕೋಪ ಮಾಡಿಕೊಳ್ಳುವುದಾದರೂ ಹೇಗೆ, ಹೇಳಿ? ನಾನು ಮಾಡಿಕೊಂಡೆ. ಬಹಳ ದಿನ ಮಾಡಿಕೊಂಡಿದ್ದೆ.

ಏಕವಚನದಲ್ಲಿ ಬರೆಯುತ್ತಿದ್ದೇನೆಂದು ಯಾರೂ ಹುಬ್ಬೇರಿಸಬಾರದು. ನಮ್ಮ ಕಡೆ ಸೋದರಮಾವನಿಗೆ ಬಹುವಚನ ಹಚ್ಚಿದರೆ ಮನೆಯಲ್ಲಿ ಏನೋ ಜಗಳ ನಡೆದಿದೆ ಅಂತ ಅರ್ಥ. ಒಮ್ಮೆ ನಾನು ಕನ್ನಡ ಪಾಠ ಮಾಡುವ ಕಾಲೇಜಿಗೆ ಬಂದಾಗ, ಸಹೋದ್ಯೋಗಿಗಳ ಎದುರು ಮರ್ಯಾದೆಗೆಂದು 'ಬನ್ನಿ ಮಾವ, ಕೂತ್ಕೊಳ್ಳಿ' ಅಂದುಬಿಟ್ಟೆ. ಅವನು ಕೂರಲೇ ಇಲ್ಲ. ಹೊರಗೆ ಹೋಗಿ ನಮ್ಮವ್ವನಿಗೆ ಫೋನು ಮಾಡಿ, 'ಅಕ್ಕ, ನಿನ್ ಮಗಳಿಗೆ ನನ್ ಮೇಲೆ ಏನೋ ಬೇಜಾರಾಗದೆ, ಏನು ಅಂತ ಒಸಿ ಕೇಳು' ಅಂದನಂತೆ.

ಈ ಮಾವನಿಗೇ ನನ್ನನ್ನು ಕೊಟ್ಟುಬಿಡಬೇಕೆಂಬ ಮಾತೂ ಒಂದು ಕಾಲಕ್ಕೆ ಎದ್ದಿತ್ತು. ಸೋದರಮಾವನಿಗೆ ಹೆಣ್ಣು ಕೊಡುವುದು ನಮ್ಮಲ್ಲಿ ಹೊಸದೇನಲ್ಲ. ನೆಂಟರೆಲ್ಲ ಸೇರಿ ವಿಷಯ ಎತ್ತಿದಾಗ ಅವ್ವ ಒಂದೇ ಮಾತಿನಲ್ಲಿ ಮುಗಿಸಿದಳಂತೆ: 'ಇವನ್ನ ಸಾಕಿ ಸಾಕಿ ನಾನೊಬ್ಬಳು ಸುಸ್ತಾಗಿರೋದು ಸಾಲ್ದಾ? ನನ್ ಮಗಳೂ ಸಾಕ್ಬೇಕಾ?' ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಅಜ್ಜಿ ತೀರಿಕೊಂಡಾಗ ಮಾವ ಇನ್ನೂ ಅಂಬೆಗಾಲಿಡುತ್ತಿದ್ದ. ಅವ್ವ ಲಂಗ ಹಾಕುವ ಹುಡುಗಿ. ತಮ್ಮನನ್ನು ಕಂಕುಳಲ್ಲಿ ಹೊತ್ತುಕೊಂಡೇ ಹಿಪ್ಪುನೇರಳೆ ಸೊಪ್ಪು ಕೊಯ್ದಳು, ಹೊತ್ತುಕೊಂಡೇ ಹುಳುವಿಗೆ ಹಾಕಿದಳು. ರಾಮನಗರಕ್ಕೆ ಮದುವೆಯಾಗಿ ಬಂದ ಮೇಲೂ ತಮ್ಮನ ರೇಷ್ಮೆ ಬೆಳೆ ಬಂದಾಗಲೆಲ್ಲ ತವರಿಗೆ ಹೋಗಿ ಗೂಡು ಬಿಡಿಸಿಕೊಟ್ಟು ಬರುತ್ತಿದ್ದಳು.

ಮಾವನ ಊರು ಮಾಗಡಿ ರಸ್ತೆಯಲ್ಲಿ, ರಾಮನಗರದಲ್ಲಿ ಬಸ್ಸು ಹತ್ತಿದರೆ ಒಂದು ಸಣ್ಣ ನಿದ್ದೆ ತೆಗೆಯುವಷ್ಟು ದೂರ. ರೇಷ್ಮೆ ಅವನ ಕಸುಬು ಅಂದರೆ ಕಡಿಮೆಯಾಯಿತು, ಅದು ಅವನ ಮತ. ರೇಷ್ಮೆ ಹುಳುವಿಗೆ ವಾಸನೆ ಆಗುವುದಿಲ್ಲ. ಒಗ್ಗರಣೆಯ ಘಾಟು, ಊದುಬತ್ತಿ, ಸೆಂಟು, ಬೀಡಿ ಯಾವುದೂ ಆಗದು. ಹುಳುವಿಗೆ ಆಗದ್ದು ಮಾವನಿಗೂ ಆಗದು. ಹೆಣ್ಣು ನೋಡಲು ಹೋದ ಮನೆಗಳಲ್ಲಿ ಎಲ್ಲರೂ ಹುಡುಗಿಯ ಮುಖ ನೋಡಿದರೆ ಇವನು ಮೂಗು ಅರಳಿಸಿ ಗಾಳಿ ನೋಡುತ್ತಿದ್ದ. ಒಬ್ಬಳು ಮಲ್ಲಿಗೆ ಮುಡಿದಿದ್ದಳು, ಬೇಡ. ಇನ್ನೊಬ್ಬಳ ತಲೆಗೆ ಎಣ್ಣೆ ಹೆಚ್ಚಾಗಿತ್ತು, ಬೇಡ. ಮತ್ತೊಬ್ಬಳು ಪೌಡರು. ಹೆಣ್ಣು ನೋಡಲು ಬರುವ ದಿನ ಯಾವ ಹುಡುಗಿ ತಾನೇ ಏನೂ ಹಚ್ಚದೆ ಬಂದು ಕೂರುತ್ತಾಳೆ? ವಾಸನೆಯೇ ಇಲ್ಲದ ಹೆಣ್ಣು ಮಾಗಡಿ ತಾಲ್ಲೂಕಿನಲ್ಲಿ ಸಿಗದೆ ಮಾವ ಒಂಟಿಯಾಗಿಯೇ ಉಳಿದ.

ಇಂಥವನ ಮನೆಗೆ ಕಂಪ್ಯೂಟರು ಬಂದದ್ದು ಹುಳುಗಳ ದೆಸೆಯಿಂದ. ಮೊಬೈಲು ಕೈಗೆ ಬಂದಾಗಿನಿಂದ ಮಾವ ತನ್ನ ಹುಳುಗಳ ಫೋಟೋ ತೆಗೆಯುತ್ತಿದ್ದ. ಸೊಪ್ಪು ತಿನ್ನುವ ಹುಳು, ತಿನ್ನದ ಹುಳು, ತಿಂದು ಸುಮ್ಮನಾದ ಹುಳು. ನೋಡುವವರಿಗೆ ಎಲ್ಲವೂ ಒಂದೇ. ಮೊಬೈಲಿನಲ್ಲಿ ಜಾಗವಿಲ್ಲ ಎಂದು ಮೊಬೈಲೇ ಹೇಳತೊಡಗಿದಾಗ, ರಾಮನಗರದ ಒಂದು ಅಂಗಡಿಯಿಂದ ಯಾರೋ ಬಳಸಿ ಬಿಟ್ಟ ಕಂಪ್ಯೂಟರನ್ನು ತಂದು ಎಲ್ಲವನ್ನೂ ಅದಕ್ಕೆ ಸುರಿದ. ಅಂಗಡಿಯವನು ಕೊಡುವಾಗ ಒಂದು ಮಾತು ಹೇಳಿದ್ದನಂತೆ: ತಂಪಾದ ಕಡೆ ಇಡಿ, ಧೂಳು ಬೀಳದಂತೆ ನೋಡಿಕೊಳ್ಳಿ, ವೈರಸ್ ಬರದಂತೆ ಜೋಪಾನ. ಹೇಳಬಾರದಿತ್ತು. ಮಾವನ ಪ್ರಕಾರ ಭೂಮಿಯ ಮೇಲೆ ತಂಪಾದ, ಧೂಳಿಲ್ಲದ ಜಾಗ ಅಂತ ಇರುವುದು ಒಂದೇ. ಅವನ ಹುಳುಮನೆ!

ಹುಳುಮನೆಯನ್ನು ನೋಡದವರಿಗೆ ಹೇಳುತ್ತೇನೆ. ಹುಳು ಸಾಕುವುದಕ್ಕೆಂದೇ ಕಟ್ಟಿದ ಉದ್ದನೆಯ ಕೋಣೆ ಅದು. ಬಿಸಿಲು ಒಳಗೆ ಬರದ ಹಾಗೆ, ಗಾಳಿ ಒಣಗದ ಹಾಗೆ ಕಿಟಕಿಗಳಿಗೆಲ್ಲ ಒದ್ದೆ ಗೋಣಿತಾಟು ಕಟ್ಟಿರುತ್ತಾರೆ. ರೋಗ ಬರಬಾರದೆಂದು ಸುಣ್ಣ, ಬ್ಲೀಚಿಂಗ್ ಪೌಡರು ಎರಚಿರುತ್ತಾರೆ. ಒಳಗೆ ಹೋಗುವವರು ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ ಹೋಗಬೇಕು. ಇಂಥ ಮನೆಯ ಮೂಲೆಯಲ್ಲಿ, ಹುಳುಗಳ ಪಕ್ಕದಲ್ಲಿ, ಮಾವನ ಕಂಪ್ಯೂಟರು ಸ್ಥಾಪನೆಯಾಯಿತು. ಸೆಕೆ ಹೆಚ್ಚಾದ ದಿನ ಅದರ ಪಕ್ಕಕ್ಕೂ ಒಂದು ಒದ್ದೆ ತಾಟು. ಬೆಳಿಗ್ಗೆ ಸೊಪ್ಪು ಹಾಕುವ ಹೊತ್ತಿಗೆ ಸ್ವಿಚ್ ಒತ್ತುವುದು, ಸಂಜೆ ಸೊಪ್ಪು ಹಾಕುವ ಹೊತ್ತಿಗೆ ಮತ್ತೆ ಒತ್ತುವುದು. ಕೆಲಸ ಇರಲಿ ಇಲ್ಲದಿರಲಿ, ಹೊತ್ತು ತಪ್ಪಿಸಬಾರದು. ಅವ್ವ ಒಮ್ಮೆ ಕೇಳಿದಳು: 'ಲೋ, ಅದಕ್ಕೂ ಎಲೆ ಕತ್ತರಿಸಿ ಹಾಕ್ತೀಯೇನ್ಲಾ?' ಮಾವ ನಗಲಿಲ್ಲ. 'ಸಾಕಾಣಿಕೆ ಅಂದ್ಮೇಲೆ ಎಲ್ಲಾ ಒಂದೇ ಕಣಕ್ಕ' ಅಂದ.

ಆಮೇಲೆ ಅವ್ವ ಹೋದಳು. ಎದೆನೋವು ಅಂದವಳು ಆಸ್ಪತ್ರೆಯ ಮೆಟ್ಟಿಲನ್ನು ತಾನೇ ಹತ್ತಿದಳು, ಇಳಿಯಲಿಲ್ಲ. ಅದನ್ನು ಇಲ್ಲಿ ಬರೆಯುವ ಮನಸ್ಸಿಲ್ಲ. ತಿಥಿಯ ಊಟ ಬಡಿಸುವಾಗ ಮಾವ ಎಲ್ಲರ ಎಲೆಗೂ ಎರಡೆರಡು ಸಲ ಉಪ್ಪು ಹಾಕಿದ. ಎಲ್ಲರೂ ಹಾಗೇ ಉಂಡರು.

ಅವ್ವನ ಫೋಟೋಗಳನ್ನು ನೋಡಿದರೆ ಅವ್ವ ನೆನಪಾಗುವುದಿಲ್ಲ. ಕ್ಯಾಮೆರಾ ಎದುರಿಗೆ ಬಂದರೆ ಉಸಿರು ಬಿಗಿಹಿಡಿಯುವ ಹೆಂಗಸು ಅವಳು. ಗುರುತಿನ ಚೀಟಿಯಿಂದ ದೊಡ್ಡದು ಮಾಡಿಸಿ ಗೋಡೆಗೆ ಹಾಕಿರುವ ಫೋಟೋದಲ್ಲಿ ಯಾರದೋ ಕೋಳಿ ಕದ್ದು ಸಿಕ್ಕಿಬಿದ್ದವಳಂತಿದ್ದಾಳೆ. ಆದರೆ ಒಂದು ವಿಡಿಯೋ ಇತ್ತು. ಅವಳ ಕೊನೆಯ ಬೆಳೆಯಲ್ಲಿ, ಗೂಡು ಬಿಡಿಸುತ್ತ ಕೂತಿದ್ದಾಗ, ಅವಳಿಗೆ ತಿಳಿಯದಂತೆ ಮಾವ ತೆಗೆದದ್ದು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಮುಂದಿಟ್ಟುಕೊಂಡು, ಬೆರಳು ತನ್ನ ಪಾಡಿಗೆ ತಾನು ಗೂಡು ಕೀಳುತ್ತಿರುವಾಗ, ಅವಳು ಮಾತಾಡುತ್ತಲೇ ಇರುತ್ತಾಳೆ. ಒಮ್ಮೆ ನೋಡಿದ್ದೆ. ಏನು ಮಾತಾಡಿದಳೆಂದು ಈಗ ನೆನಪಿಲ್ಲ. ಯಾವುದೋ ಮದುವೆಯ ಸಾರಿನ ವಿಷಯ ಇರಬೇಕು. ನಮ್ಮವ್ವ ನಿಜವಾಗಿ ನಮ್ಮವ್ವನಂತೆ ಇದ್ದದ್ದು ಅದೊಂದರಲ್ಲೇ.

ಆ ವಿಡಿಯೋ ಇದ್ದ ಮೊಬೈಲು ಹುಳುಮನೆಯ ಮುಂದಿನ ನೀರಿನ ತೊಟ್ಟಿಗೆ ಬಿದ್ದು ಸತ್ತಿತ್ತು. ಇನ್ನು ಅದು ಇದ್ದದ್ದು ಕಂಪ್ಯೂಟರಿನಲ್ಲಿ ಮಾತ್ರ. ಪೆನ್‌ಡ್ರೈವಿಗೆ ಹಾಕಿಕೊಡು ಮಾವ ಎಂದರೆ, 'ಈಗ ಹುಳ ನಾಕನೇ ಜ್ವರದಾಗವೆ, ಬಾಗ್ಲು ತಗಿಯಂಗಿಲ್ಲ, ಬೆಳೆ ಮುಗೀಲಿ ಬಾ' ಅನ್ನುತ್ತಿದ್ದ. ಆ ಬೆಳೆ ಮುಗಿಯುವುದರೊಳಗೆ ಕಂಪ್ಯೂಟರಿನದೇ ಕಥೆ ಶುರುವಾಯಿತು.

ಈ ಜ್ವರ ಅಂದರೆ ಕಾಯಿಲೆಯಲ್ಲ. ರೇಷ್ಮೆ ಹುಳು ಬೆಳೆಯುವಾಗ ನಡುನಡುವೆ ತಿನ್ನುವುದು ಬಿಟ್ಟು, ತಲೆಯೆತ್ತಿಕೊಂಡು, ಅಲ್ಲಾಡದೆ ಕೂರುತ್ತದೆ. ಹಳೆಯ ಚರ್ಮ ಕಳಚಿ ಎದ್ದ ಮೇಲೆ ಮತ್ತೆ ತಿನ್ನುತ್ತದೆ. ಇದಕ್ಕೆ ನಮ್ಮವರು ಜ್ವರಕ್ಕೆ ಕೂತಿದೆ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು, ಸರಿಸಬಾರದು, ಎಬ್ಬಿಸಬಾರದು. ಮುಟ್ಟಿದರೆ ಸಾಯುತ್ತದೆ. ಮಾವ ಮಾತು ಕಲಿಯುವ ಮೊದಲೇ ಕಲಿತ ಪಾಠ ಇದು. ಕಲಿಸಿದವಳು ಅವ್ವ.

ಒಂದು ಮಧ್ಯಾಹ್ನ ನಾನು ತರಗತಿಯಿಂದ ಹೊರಗೆ ಬರುವುದಕ್ಕೂ ಅವನ ಫೋನು ಬರುವುದಕ್ಕೂ ಸರಿಹೋಯಿತು.

'ಮಗ, ಕಂಪ್ಯೂಟ್ರು ಜ್ವರಕ್ಕೆ ಕೂತೈತೆ.'

'ಏನು ಹಾಗಂದ್ರೆ?'

'ಅಲ್ಲಾಡ್ತಿಲ್ಲ. ಏನ್ ಒತ್ತುದ್ರೂ ಅಂಗೇ ಕೂತೈತೆ. ಒಳಗಡೆ ಟಕ್ ಟಕ್ ಅಂತಾದೆ. ಪೊರೆ ಬುಡ್ತಾ ಐತೆ ಅಂತ ಕಾಣ್ತದೆ.'

'ಮಾವ, ಮೊದಲು ಸ್ವಿಚ್ ಆಫ್ ಮಾಡು. ಪ್ಲಗ್ ಕಿತ್ತುಬಿಡು.'

'ಜ್ವರದಾಗಿರೋದ್ನ ಕೀಳದುಂಟಾ? ನೀನ್ ಓದ್ದೋಳು, ನಿಂಗಿಷ್ಟು ಗೊತ್ತಾಗಲ್ವಾ? ನಾಳೆ ಹೊತ್ತಿಗೆ ತಾನಾಗೇ ಏಳ್ತದೆ ಬುಡು.'

ಮಾರನೆಯ ದಿನ ನಾನು ಬಸ್ಸು ಹಿಡಿದು ಹೋದಾಗ ಅದು ಇನ್ನೂ ಟಕ್ ಟಕ್ ಅನ್ನುತ್ತಿತ್ತು. ಪಕ್ಕದಲ್ಲಿ ಹೊಸದಾಗಿ ನೆನೆಸಿದ ಗೋಣಿತಾಟು. ಮಾವ ಬಾಗಿಲಲ್ಲೇ ನಿಂತು, ತುಟಿಯ ಮೇಲೆ ಬೆರಳಿಟ್ಟು, ಸದ್ದು ಮಾಡಬೇಡ ಎಂದು ಸನ್ನೆ ಮಾಡಿದ. ನಾನು ಕಾಲನ್ನು ಬ್ಲೀಚಿಂಗ್ ನೀರಿಗೆ ಅದ್ದದೆಯೇ ಒಳಗೆ ನುಗ್ಗಿ ಪ್ಲಗ್ಗು ಕಿತ್ತೆ. ಅವನ ಮುಖ ನೋಡಬೇಕಿತ್ತು. ನಾನೇ ಕೊಂದೆ ಎನ್ನುವಂತೆ ನೋಡುತ್ತಿದ್ದ.

ರಾಮನಗರದ ಅಂಗಡಿಯವನು ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿದಾಗ ಮೇಜಿನ ಮೇಲೆ ಬೆಳ್ಳಗೆ ಪುಡಿ ಸುರಿಯಿತು.

'ಇದೇನ್ ಸರ್, ಒಳಗೆಲ್ಲ ಸುಣ್ಣ ಬಳಿದಿದೀರಾ?'

'ಬಳಿದಿಲ್ಲ, ಎರಚಿದೀನಿ' ಅಂದ ಮಾವ. 'ವೈರಸ್ ಬತ್ತದೆ, ಜ್ವಾಪಾನ ಅಂತ ನೀನೇ ಹೇಳಿದ್ದಲ್ಲಪ್ಪ?'

ಅಂಗಡಿಯವನು ನನ್ನ ಕಡೆ ತಿರುಗಿದ. ನಾನು ಗೋಡೆಯ ಕ್ಯಾಲೆಂಡರು ನೋಡಿದೆ. ಅವನು ಹಾರ್ಡ್ ಡಿಸ್ಕನ್ನು ಬಿಚ್ಚಿ, ಇನ್ನೊಂದು ಕಂಪ್ಯೂಟರಿಗೆ ಸಿಕ್ಕಿಸಿ, ಕಿವಿಗೊಟ್ಟು ಕೇಳಿ, ತಕ್ಷಣ ಕಿತ್ತು ಕೆಳಗಿಟ್ಟ. ಒಳಗೆ ತಿರುಗುವ ತಟ್ಟೆ ಇದೆ, ಅದರ ಮೇಲೆ ಮುಟ್ಟಿಯೂ ಮುಟ್ಟದಂತೆ ಓಡಾಡಿ ಓದುವ ಮುಳ್ಳಿನಂಥ ಹೆಡ್ ಇದೆ, ಆ ಹೆಡ್ ಕೆಟ್ಟಿದೆ, ಕೆಟ್ಟ ಮೇಲೂ ಓಡಿಸಿದ್ದರಿಂದ ತಟ್ಟೆಯನ್ನು ಗೀರಿರಬಹುದು ಎಂದ. 'ಸದ್ದು ಬಂದ ತಕ್ಷಣ ಆಫ್ ಮಾಡಿದ್ರೆ ಎಲ್ಲಾ ಸಿಗ್ತಿತ್ತು ಮೇಡಂ. ಒಂದಿಡೀ ದಿನ ಓಡಿಸಿದೀರಲ್ಲ' ಅಂದ.

ಅಂಗಡಿಯಿಂದ ಹೊರಗೆ ಬಂದು ಬಸ್ ಸ್ಟ್ಯಾಂಡಿನ ಕಡೆ ನಡೆಯುವಾಗ ನಾನು ಮಾವನಿಗೆ ಹೇಳಿದೆ: 'ನಿಮಗೆ ನಾನು ಆಫ್ ಮಾಡಿ ಅಂದಿದ್ದೆ. ನೀವು ಕೇಳಲಿಲ್ಲ.' ಬಹುವಚನ! ಅವನು ನಿಂತುಬಿಟ್ಟ. ನಾನು ನಿಲ್ಲಲಿಲ್ಲ.

ಬೆಂಗಳೂರಿನಲ್ಲಿ ಇಂಥವನ್ನು ಬಿಚ್ಚಿ ರಿಪೇರಿ ಮಾಡುವ ಲ್ಯಾಬು ಇದೆಯೆಂದು ಅಂಗಡಿಯವನು ಹೇಳಿದ್ದ. ಆದರೆ ನಾನು ರಜೆ ಹಾಕಿ ಹೊರಡುವುದರೊಳಗೆ ಮಾವ ತನ್ನದೇ ವೈದ್ಯ ಶುರುಮಾಡಿದ್ದ. ಒದ್ದೆಯಾದ ಮೊಬೈಲನ್ನು ಅಕ್ಕಿಯಲ್ಲಿ ಹೂತರೆ ಬದುಕುತ್ತದೆಂದು ಯಾರೋ ಹೇಳಿದ್ದರಂತೆ. ಮಾವ ಡಿಸ್ಕನ್ನು ರಾಗಿಯಲ್ಲಿ ಹೂತಿದ್ದ. ಯಾಕೆ ಮಾವ ರಾಗಿ ಅಂದರೆ, 'ಅಕ್ಕಿಗೇನ್ ಶಕ್ತಿ ಐತೆ ಮಗ?' ಅಂದ.

ಅದಾದ ಮೇಲೆ ಫ್ರೀಜರು. ಚನ್ನಪಟ್ಟಣದಲ್ಲಿ ಹೆದ್ದಾರಿಯ ಪಕ್ಕ ಬೇಕರಿ ಇಟ್ಟಿರುವ ನಮ್ಮ ನೆಂಟರೊಬ್ಬರು, ಸತ್ತ ಡಿಸ್ಕನ್ನು ಫ್ರೀಜರಿನಲ್ಲಿಟ್ಟರೆ ಒಂದು ಗಳಿಗೆ ಎದ್ದು ಕೂರುತ್ತದೆ, ಆಗ ಬೇಕಾದ್ದನ್ನು ತೆಗೆದುಕೊಳ್ಳಬಹುದು ಎಂದು ಮೊಬೈಲಿನಲ್ಲಿ ನೋಡಿದ್ದರು. ಮಾವ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅವರ ಐಸ್‌ಕ್ರೀಮ್ ಪೆಟ್ಟಿಗೆಯಲ್ಲಿಟ್ಟು, ಮುಂದೆ ಕುರ್ಚಿ ಹಾಕಿಕೊಂಡು ಕೂತ. ಕೊಳ್ಳಲು ಬಂದವರು ಪೆಟ್ಟಿಗೆ ತೆರೆಯಲು ಹೋದರೆ ತಡೆಯುತ್ತಿದ್ದ. 'ಪದೇ ಪದೇ ತಗೀಬ್ಯಾಡಿ, ಒಳಗೆ ಪೇಷಂಟ್ ಐತೆ.' ಒಬ್ಬ ಹೆಂಗಸು ಹೌಹಾರಿ ಕೊಂಡಿದ್ದ ಬನ್ನನ್ನೂ ಅಲ್ಲೇ ಬಿಟ್ಟು ಹೋದಳಂತೆ. ಡಿಸ್ಕು ಏಳಲಿಲ್ಲ. ಮೈಯೆಲ್ಲ ಮಂಜು ಹಿಡಿದು ಹೊರಬಂದು, ಕರಗಿ, ಬೆವರಿತು. ನೆಂಟರು ಮಾವನನ್ನು ಮರ್ಯಾದೆಯಿಂದಲೇ ಬಸ್ಸು ಹತ್ತಿಸಿದರು.

ಆದರೆ ಚನ್ನಪಟ್ಟಣದಿಂದ ಅವನು ಬರಿಗೈಯಲ್ಲಿ ಬರಲಿಲ್ಲ. ಬೊಂಬೆ ಮಾಡುವ ಪರಿಚಯದವರ ಹತ್ತಿರ ಡಿಸ್ಕಿಗೆಂದು ಮರದ ಡಬ್ಬಿ ಮಾಡಿಸಿಕೊಂಡು ಬಂದಿದ್ದ. ಅಲ್ಲಿ ಮರವನ್ನು ತಿರುಗಿಸಿ ತಿರುಗಿಸಿ ಕಡೆಯುವುದರಿಂದ ಡಬ್ಬಿ ದುಂಡಗೆ ಬಂತು. ಡಿಸ್ಕು ಚೌಕ. ಚೌಕವನ್ನು ಒಳಗೆ ಕೂರಿಸಬೇಕೆಂದರೆ ಡಬ್ಬಿ ಎಷ್ಟು ದೊಡ್ಡದಾಗಬೇಕು! ಅರಗು ಮೆತ್ತಿ ಕೆಂಪು ಹಳದಿ ಪಟ್ಟೆ ಹಾಕಿದ, ಹಬ್ಬಕ್ಕೆ ಚಕ್ಕುಲಿ ತುಂಬಿಡಬಹುದಾದ ಡಬ್ಬಿಯೊಳಗೆ, ಗೂಡಿನ ಮೇಲಿಂದ ಬಿಡಿಸಿದ ರೇಷ್ಮೆ ಎಳೆಗಳ ಹಾಸಿಗೆಯ ಮೇಲೆ, ಡಿಸ್ಕು ಮಲಗಿತು. ಬೆಂಗಳೂರಿನ ರೈಲಿನಲ್ಲಿ ಮಾವ ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ಎದುರು ಕೂತವರು ಮುಚ್ಚಳ ತೆಗೆಯುವುದನ್ನೇ ದಾರಿಯುದ್ದಕ್ಕೂ ಕಾಯುತ್ತಿದ್ದರು. ನಾನು ಕಿಟಕಿಯ ಹೊರಗೆ ನೋಡುತ್ತಿದ್ದೆ. ಅವನ ಜೊತೆ ಇನ್ನೂ ಬಹುವಚನದಲ್ಲೇ ಇದ್ದೆ.

ಲ್ಯಾಬಿನಲ್ಲಿ ನಮ್ಮನ್ನು ಬರಮಾಡಿಕೊಂಡವಳು ಒಬ್ಬ ಹುಡುಗಿ. ಚಪ್ಪಲಿ ಹೊರಗೆ ಬಿಡಿ ಎಂದಳು. ಕಾಲಿಗೊಂದು ಚೀಲ, ತಲೆಗೊಂದು ಟೋಪಿ ಕೊಟ್ಟಳು. ಗಾಜಿನ ಗೋಡೆಯ ಆಚೆ ಕೋಣೆ ತೋರಿಸಿ, ಡಿಸ್ಕನ್ನು ಬಿಚ್ಚುವುದು ಅಲ್ಲಿ, ಧೂಳಿನ ಒಂದು ಕಣವೂ ಹೋಗಬಾರದು, ಟೆಂಪರೇಚರ್ ಒಂದೇ ಸಮ ಇರಬೇಕು, ಸೆಂಟು ಪೌಡರು ಹಚ್ಚಿದವರನ್ನು ಬಿಡುವುದಿಲ್ಲ ಎಂದು ವಿವರಿಸಿದಳು. ಅವ್ವ ಹೋದ ಮೇಲೆ ಮಾವನ ಮುಖ ಅರಳಿದ್ದನ್ನು ಆವತ್ತೇ ನೋಡಿದ್ದು.

'ನಾನೇನ್ ಮಾಡಿದ್ದೆ ಮತ್ತೆ?' ಅಂದ ನನ್ನ ಕಡೆ ತಿರುಗಿ. 'ಇದ್ನೇ ಅಲ್ವಾ ಮಾಡಿದ್ದು?'

'ಅಲ್ಲಿ ತೇವ ಏನಾದ್ರೂ ಇತ್ತಾ ಅಂಕಲ್?' ಹುಡುಗಿ ಕೇಳಿದಳು.

'ತೇವ ಇಲ್ದೆ ಹೆಂಗಮ್ಮ? ಗೋಣಿತಾಟು ಒದ್ದೆ ಮಾಡಿ ಕಟ್ಟಿದ್ದೆ. ನಿಮ್ಮಲ್ಲಿ ಕಟ್ಟಿಲ್ವಲ್ಲ?'

ಹುಡುಗಿ ಡಿಸ್ಕನ್ನು ತೆಗೆದುಕೊಂಡು ಒಳಗೆ ಹೋದಳು. ಹೊರಗೆ ಬಂದವಳ ಮುಖದಲ್ಲಿ ನಗು ಇರಲಿಲ್ಲ. ಹೆಡ್ ಬದಲಾಯಿಸಬೇಕು, ಅದಕ್ಕೆ ಇದೇ ಜಾತಿಯ ಇನ್ನೊಂದು ಡಿಸ್ಕು ಬೇಕು, ಹಳೆಯ ಮಾದರಿಯಾದ್ದರಿಂದ ತಮ್ಮ ಹತ್ತಿರ ಇಲ್ಲ, ನೀವೂ ಹುಡುಕಿ ಎಂದಳು. ಮಾದರಿಯ ನಂಬರು ಒಂದೇ ಇರಬೇಕು, ತಯಾರಾದ ದೇಶ ಒಂದೇ ಇರಬೇಕು, ತಯಾರಾದ ಕಾಲ ಆದಷ್ಟು ಹತ್ತಿರವಿರಬೇಕು. ಇಷ್ಟೆಲ್ಲ ಕೂಡಿಬಂದರೂ ಗ್ಯಾರಂಟಿ ಕೊಡುವುದಿಲ್ಲ.

'ಜಾತಕ' ಅಂದ ಮಾವ.

ಜೀವಮಾನವಿಡೀ ಹೆಣ್ಣು ಒಲ್ಲೆನೆಂದು ಕೂತಿದ್ದವನು ಸತ್ತ ಡಿಸ್ಕಿಗೆ ಜೋಡಿ ಹುಡುಕಲು ಹೊರಟ! ಡಿಸ್ಕಿನ ಮೇಲಿನ ಚೀಟಿಯ ಫೋಟೋವನ್ನು ಹೊಸ ಮೊಬೈಲಿನಲ್ಲಿಟ್ಟುಕೊಂಡು ಸೋಲೂರು, ಮಾಗಡಿ, ಬಿಡದಿ ಎಲ್ಲ ಸುತ್ತಿದ. ಮುಚ್ಚಿದ ಸೈಬರ್ ಸೆಂಟರು, ಗುಜರಿ ಅಂಗಡಿ, ಶಾಲೆಯ ಉಗ್ರಾಣ ಯಾವುದನ್ನೂ ಬಿಡಲಿಲ್ಲ. ನಂಬರು ಕೂಡಿದರೆ ದೇಶ ಬೇರೆ, ದೇಶ ಕೂಡಿದರೆ ವಯಸ್ಸು ಹೆಚ್ಚು. ಕಡೆಗೆ ಕನಕಪುರದಲ್ಲೊಂದು ಇದೆಯೆಂದು ಸುದ್ದಿ ಬಂತು. ಅವನು ಒಬ್ಬನೇ ಹೋಗಿ ಏನು ಮಾತಾಡಿಬಿಡುತ್ತಾನೋ ಎಂದು ನಾನೂ ಹೊರಟೆ.

ಅದು ಲಗ್ನಪತ್ರಿಕೆ ಮಾಡಿಕೊಡುತ್ತಿದ್ದ ಅಂಗಡಿ. ಈಗ ಎಲ್ಲರೂ ಮೊಬೈಲಿನಲ್ಲೇ ಕರೆಯುವುದರಿಂದ ಅಂಗಡಿಯಲ್ಲಿ ಕೆಲಸವಿರಲಿಲ್ಲ. ಯಜಮಾನರು ಬಾಗಿಲಲ್ಲಿ ಪೇಪರು ಓದುತ್ತ ಕೂತಿದ್ದರು. ಮಾವ ಚೀಟಿಯ ಫೋಟೋ ತೋರಿಸಿದ. ಅವರು ಕನ್ನಡಕ ಏರಿಸಿ, ಹಳೆಯ ಕಂಪ್ಯೂಟರನ್ನು ತೆಗೆದು ನೋಡಿದರು. ಎಲ್ಲ ಕೂಡಿತು. ಅವರಿಗೇ ಖುಷಿಯಾಯಿತು. ಆದರೆ ಕೊಡಿ ಎಂದೊಡನೆ ಮುಖ ಸಪ್ಪಗಾಯಿತು.

'ಈ ಊರಿನ ಮದುವೆಗಳೆಲ್ಲ ಇದರಲ್ಲೇ ಅವೆ ಸ್ವಾಮಿ. ನಾನೇ ಕೂತು ಒಂದೊಂದು ಅಕ್ಷರ ಜೋಡಿಸಿದ್ದು.'

'ಅವ್ರದ್ದೆಲ್ಲಾ ಮದ್ವೆ ಆಗೋಯ್ತಲ್ಲ ಯಜಮಾನ್ರೆ' ಅಂದ ಮಾವ. 'ಇನ್ನೇನ್ ಮಾಡ್ತೀರಿ ಇಟ್ಕಂಡು?'

ನಾನು ಕೆಮ್ಮಿದೆ. ಯಜಮಾನರು ಬೇಜಾರು ಮಾಡಿಕೊಂಡಂತೆ ಕಾಣಲಿಲ್ಲ. ಕನ್ನಡಕ ಇಳಿಸಿ ಕೇಳಿದರು: 'ನಿಮ್ಮದರಲ್ಲಿ ಅಂಥಾದ್ದೇನೈತೆ?'

'ನಮ್ಮಕ್ಕ' ಅಂದ ಮಾವ.

ಅವರು ಎದ್ದರು. ಒಳಗಿನಿಂದ ಸ್ಕ್ರೂಡ್ರೈವರು ತಂದು ತಾವೇ ಬಿಚ್ಚಿಕೊಟ್ಟರು. ಬರುವಾಗ ಟೀ ಕುಡಿಸಿದರು.

ಲ್ಯಾಬಿನವರು ಅದನ್ನು ತೆಗೆದುಕೊಂಡ ಮೇಲೆ ಬಹಳ ದಿನ ಏನೂ ಸುದ್ದಿಯಿಲ್ಲ. ಅವ್ವ ಆಸ್ಪತ್ರೆಯಲ್ಲಿದ್ದಾಗ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದೆವಲ್ಲ, ಅದೇ ಕಾಯುವಿಕೆಯನ್ನು ಇನ್ನೊಮ್ಮೆ ಕಾದಂತೆ ನನಗೆ ಅನ್ನಿಸುತ್ತಿತ್ತು. ಒಂದು ಭಾನುವಾರ ಮಾವನ ಊರಿಗೆ ಹೋದೆ. ಹುಳುಮನೆಯ ಬಾಗಿಲು ಹಾರುಹೊಡೆದಿತ್ತು. ಒಳಗೆ ಹುಳು ಸಾಕುವ ತಟ್ಟೆಗಳನ್ನೆಲ್ಲ ತೊಳೆದು ಗೋಡೆಗೆ ಒರಗಿಸಿದ್ದ. ಗೋಣಿತಾಟು ಒಣಗಿ ಸೆಟೆದಿತ್ತು. ಈ ಸಲ ಹುಳುವಿನ ಮೊಟ್ಟೆಯೇ ತಂದಿರಲಿಲ್ಲ. ನನಗೆ ತಿಳಿದಂತೆ ಆ ಮನೆ ಖಾಲಿಯಿದ್ದದ್ದು ಅದೇ ಮೊದಲು. ತೋಟದಲ್ಲಿ ಸೊಪ್ಪು ಬಲಿತು ಹಳದಿಯಾಗುತ್ತಿತ್ತು. ಯಾರ ಮನೆಯ ದನವೋ ಒಳಗೆ ಬಂದು ಮೇಯುತ್ತಿದ್ದರೂ ಮಾವ ಓಡಿಸುತ್ತಿರಲಿಲ್ಲ.

'ಯಾಕೆ ಮಾವ ಹೀಗೆ ಕೂತಿದ್ದೀಯ?' ಅಂದೆ. ಎಷ್ಟೋ ದಿನದ ಮೇಲೆ ಬಾಯಿಗೆ ಏಕವಚನ ಬಂತು. ಅವನ ಗಮನಕ್ಕೆ ಅದೂ ಬರಲಿಲ್ಲ.

'ಅಕ್ಕ ಹೋಗಿದ್ದು ನನ್ ಕೈಲಿರ್ಲಿಲ್ಲ ಮಗ' ಅಂದ. 'ಇದು ನನ್ ಕೈಲಿತ್ತು. ನೀನೂ ಹೇಳ್ದೆ, ಕೀಳು ಅಂತ. ನಂಗೆ ಅಕ್ಕ ಹೇಳಿದ್ದೇ ತಲೇಲಿತ್ತು, ಮುಟ್ಟಬ್ಯಾಡ ಅಂತ.'

ಅಳುವವನಲ್ಲ ಅವನು. ಹೆಗಲ ಮೇಲಿನ ಟವೆಲನ್ನು ಮಡಿಸಿದ, ಬಿಚ್ಚಿದ, ಮತ್ತೆ ಮಡಿಸಿದ. ಅಷ್ಟು ದಿನ ಹೊತ್ತುಕೊಂಡು ತಿರುಗಿದ್ದ ಕೋಪವನ್ನು ಎಲ್ಲಿಡಬೇಕೋ ನನಗೆ ತಿಳಿಯಲಿಲ್ಲ. ಒಲೆ ಹಚ್ಚಿ ಇಬ್ಬರಿಗೂ ಅಡುಗೆ ಮಾಡಿದೆ. ಬೆಳ್ಳುಳ್ಳಿ ಒಗ್ಗರಣೆಯ ಘಾಟು ಹುಳುಮನೆಯವರೆಗೂ ಹೋಯಿತು. ಅವನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಲ್ಯಾಬಿನ ಹುಡುಗಿ ಫೋನು ಮಾಡಿದಾಗ ಮೊದಲು ಹೇಳಿದ್ದೇ ಸಾರಿ ಎಂಬ ಮಾತು. ಹೆಡ್ ಕೂತಿತು, ಡಿಸ್ಕು ಓದಿತು, ಆದರೆ ತಟ್ಟೆಯ ಮೇಲೆ ಆಳವಾಗಿ ಗೀರಿದೆ. ಕೊನೆಕೊನೆಗೆ ಹಾಕಿದ್ದೆಲ್ಲ ಆ ಗೀರಿನ ಜಾಗದಲ್ಲೇ ಇತ್ತು. ಅವ್ವ ಗೂಡು ಬಿಡಿಸುವ ವಿಡಿಯೋ ಹೋಗಿದೆ. ಇನ್ನು ಯಾರು ಏನು ಮಾಡಿದರೂ ಬರುವುದಿಲ್ಲ. ಉಳಿದಿದ್ದರಲ್ಲಿ ಸಿಕ್ಕಷ್ಟನ್ನು ಬೇರೆ ಡಿಸ್ಕಿಗೆ ಹಾಕಿದ್ದೇವೆ, ಬಹಳಷ್ಟು ಹುಳುಗಳ ಫೋಟೋ, ಕೆಲವು ವಿಡಿಯೋ ಇವೆ, ಅವುಗಳಲ್ಲಿ ಶಬ್ದ ಬಂದಿಲ್ಲ, ಅಂಕಲ್ ಬಿಟ್ಟರೆ ಬೇರೆ ಯಾರೂ ಇಲ್ಲ ಎಂದಳು. ನಾವಿಬ್ಬರೂ ಹೋಗಿ ತೆಗೆದುಕೊಂಡು ಬಂದೆವು. ರಾಮನಗರ ಬರುವವರೆಗೂ ರೈಲಿನಲ್ಲಿ ಮಾವ ಖಾಲಿ ತೊಡೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ದುಂಡು ಡಬ್ಬಿಯನ್ನು ಲ್ಯಾಬಿನಲ್ಲೇ ಬಿಟ್ಟು ಬಂದಿದ್ದ.

ಮನೆಗೆ ಬಂದು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು ಇಟ್ಟು ನಾನೇ ಹಾಕಿದೆ. ಹುಳು, ಹುಳು, ಹುಳು. ಅದಾದ ಮೇಲೆ ಒಂದು ವಿಡಿಯೋ. ಹುಳುಮನೆಯ ನಡುವೆ ಮಾವ ಇಸ್ತ್ರಿ ಅಂಗಿ ಹಾಕಿಕೊಂಡು, ಎದೆಯೆತ್ತಿ, ಕೈಯಲ್ಲೊಂದು ಹಿಡಿ ಸೊಪ್ಪು ಹಿಡಿದು ಭಾಷಣ ಮಾಡುತ್ತಿದ್ದಾನೆ. ಬಾಯಿ ಆಡುತ್ತಿದೆ, ಮಾತಿಲ್ಲ. ಇನ್ನೊಂದರಲ್ಲೂ ಅವನೇ. ಮತ್ತೊಂದರಲ್ಲೂ ಅವನೇ. ಒಂದರಲ್ಲಂತೂ ಅರ್ಧ ಪರದೆಗೆ ಕೆಂಪಗೆ ಏನೋ ಅಡ್ಡ ಬಂದಿತ್ತು.

'ಏನು ಮಾವ ಇದೆಲ್ಲ?'

'ಬ್ಯಾರೆ ರೈತ್ರಿಗೂ ಗೊತ್ತಾಗ್ಲಿ ಅಂತ ಮಾಡಿದ್ದು. ಮೊಬೈಲ್‌ಗೆ ಹಾಕಾಣ ಅಂತ. ಹಿಡ್ಕಳಕ್ಕೆ ಯಾರಿದ್ರು? ಅಕ್ಕನ ಕೈಗೇ ಫೋನ್ ಕೊಟ್ಟಿದ್ದೆ. ಅಡ್ಡ ಬಂದಿರೋದು ಅವಳ ಹೆಬ್ಬೆಟ್ಟು.'

ಇಷ್ಟೆಲ್ಲ ಅಲೆದು ಅವ್ವನನ್ನು ಹುಡುಕಿದರೆ ಸಿಕ್ಕಿದ್ದು ಈ ಮನುಷ್ಯನ ಮುಖ! ಅವಳು ಅಲ್ಲೇ ಇದ್ದಳು, ಎರಡು ಮಾರು ಈಚೆಗೆ. ಕ್ಯಾಮೆರಾ ಒಂದು ಸಲವಾದರೂ ಹಿಂದಕ್ಕೆ ತಿರುಗಬಾರದಿತ್ತೇ? ಮುಚ್ಚಿಬಿಡೋಣವೆಂದು ಕೈಯೆತ್ತಿದೆ. ಮಾವ ನನ್ನ ಕೈ ಹಿಡಿದ.

'ಇರು ಮಗ. ಇಲ್ ನೋಡು.'

ಪರದೆಯ ಮೇಲೆ ಮಾವ ಒಂದು ಹುಳುವನ್ನು ಅಂಗೈ ಮೇಲಿಟ್ಟುಕೊಂಡು ಬಹಳ ಗಂಭೀರವಾಗಿ ಏನೋ ಬೋಧಿಸುತ್ತಿದ್ದ. ಹುಳು ಅಂಗೈ ಬಿಟ್ಟು ಅವನ ಇಸ್ತ್ರಿ ಅಂಗಿಯ ತೋಳಿನೊಳಕ್ಕೆ ಹೊರಟಿತು. ಅವನಿಗೆ ತಿಳಿಯದು. ಆಗ ಚಿತ್ರ ಸಣ್ಣಗೆ ಅಲ್ಲಾಡತೊಡಗಿತು. ನೋಡನೋಡುತ್ತ ಜೋರಾಯಿತು. ಮಾವ ಹೋಗಿ ಹೆಂಚು ಬಂತು, ಹೆಂಚು ಹೋಗಿ ನೆಲ ಬಂತು, ಮತ್ತೆ ಮಾವ ಬಂದ. ಈಗ ಅವನು ಭಾಷಣ ನಿಲ್ಲಿಸಿ, ಹುಬ್ಬು ಗಂಟಿಕ್ಕಿ, ನೆಟ್ಟಗೆ ನಮ್ಮ ಕಡೆಗೇ ನೋಡಿ ಬಯ್ಯುತ್ತಿದ್ದ. ಚಿತ್ರ ಇನ್ನೂ ಕುಲುಕುತ್ತಿತ್ತು.

'ಅಕ್ಕ ನಗ್ತಾವ್ಳೆ' ಅಂದ ಮಾವ.

ನಮ್ಮವ್ವ ನಕ್ಕರೆ ಸದ್ದು ಬರುತ್ತಿರಲಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿದರೂ ಭುಜ ನಿಲ್ಲುತ್ತಿರಲಿಲ್ಲ, ಪಕ್ಕದಲ್ಲಿ ಕೂತವರ ಮೈಯೂ ಜೊತೆಗೆ ಕುಲುಕುತ್ತಿತ್ತು. ಶಬ್ದ ಅಳಿಸಿಹೋದದ್ದರಿಂದ ಅದರಲ್ಲಿ ಏನೂ ಕಮ್ಮಿಯಾಗಿರಲಿಲ್ಲ. ಪರದೆಯ ಮೇಲಿನ ಮಾವ ಸಿಟ್ಟು ಮರೆತು ತಾನೂ ನಗಲು ಶುರುಮಾಡಿದ. ನಮ್ಮ ಮಾವ ಅಷ್ಟು ಚಂದ ಕಾಣುತ್ತಾನೆಂದು ನನಗೆ ಗೊತ್ತೇ ಇರಲಿಲ್ಲ.

ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಮಾವ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಅವಳು ನಕ್ಕು ಮುಗಿಸುವವರೆಗೂ ಇಬ್ಬರೂ ಸುಮ್ಮನೆ ಕಾದೆವು.